ಕಾಂಡ್ಲಾ ತೊಗಟೆಯ ಬೂದು ಕಲ್ಲುಹೂವು: ಪಿಕ್ಸಿನೆಯೋ, ಡಿರಿನಾರಿಯಾವೋ?

ಪ್ರಶ್ನೆ (ಗೋಣಿಕೊಪ್ಪದಿಂದ):
ನಮಸ್ಕಾರ. ಕುಂದಾಪುರದ ಪಂಚಗಂಗಾವಳಿ ಅಳಿವೆಯಲ್ಲಿ ಮುರಿದು ಬಿದ್ದಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಕೊಂಬೆಯ ತುಂಡೊಂದನ್ನು ತಂದಿದ್ದೇನೆ. ತೊಗಟೆಗೆ ಬಿಗಿಯಾಗಿ ಅಂಟಿದ, ಎಲೆಯಾಕಾರದ ಬೂದು ಕಲ್ಲುಹೂವು (ಲೈಕನ್, ಅಂದರೆ ಶಿಲೀಂಧ್ರ ಮತ್ತು ಪಾಚಿ ಕೂಡಿ ಬೆಳೆಯುವ ಜೀವಿ) ಅದರ ಮೇಲಿದೆ. ಕವಲುಗಳ ಅಗಲ ಸುಮಾರು 1 ಮಿ.ಮೀ.; ನಡುವೆ ಹಿಟ್ಟಿನಂಥ ಬಿಳಿ ಪುಡಿಯ ಗುಪ್ಪೆಗಳು. ನಮ್ಮ ತೋಟದ ಹಾಲವಾಣದ ಮೇಲೆ ಬೆಳೆಯುವ ಅಗಲ ಎಲೆಯ ಪಾರ್ಮೊಟ್ರೆಮಾ ಕಲ್ಲುಹೂವು ಖಂಡಿತ ಇದಲ್ಲ. ಚಿತ್ರಗಳಿಗೆ ಹೋಲಿಸಿದರೆ ಪಿಕ್ಸಿನೆ ಕುಲದ್ದು ಅನ್ನಿಸುತ್ತದೆ. ಪರಿಚಯದವರೊಬ್ಬರು ಅಪರೂಪದ ಜಾತಿ ಎನ್ನುತ್ತಾರೆ. ಊರಿಗೆ ತಂದ ಮೇಲೆ ಬಣ್ಣ ಹಸಿರಿಗೆ ತಿರುಗಿದೆ. ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ (ಸೋಮವಾರಪೇಟೆಯಿಂದ):
ಹಸಿರಿಗೆ ಕಾರಣ ನಮ್ಮ ಮಳೆಗಾಲದ ತೇವ. ಕಲ್ಲುಹೂವು ನೆನೆದಾಗ ಮೇಲ್ಪದರದ ಮೂಲಕ ಒಳಗಿನ ಪಾಚಿಯ ಬಣ್ಣ ತೋರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದರೆ ಈಗಲೇ ಹೊರಗೆ ತೆಗೆಯಿರಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಒಣಗಿದ ಮೇಲಿನ ಬಣ್ಣವನ್ನೇ ನಂಬಬೇಕು.

ಆಮೇಲೆ ಕತ್ತಲೆ ಕೋಣೆಯಲ್ಲಿ ನೇರಳಾತೀತ ಟಾರ್ಚ್ ಹಿಡಿಯಿರಿ. 365 ನ್ಯಾನೊಮೀಟರಿನದು ಒಳ್ಳೆಯದು. ಕರಾವಳಿಯಲ್ಲಿ ಸಾಮಾನ್ಯವಾದ ಪಿಕ್ಸಿನೆ ಕೊಕೊಯೆಸ್ ಆಗಿದ್ದರೆ ಮೇಲ್ಮೈ ಹಳದಿಯಾಗಿ ಹೊಳೆಯುತ್ತದೆ. ಅದರಲ್ಲಿರುವ ಲೈಕೆಕ್ಸಾಂಥೋನ್ ಎಂಬ ರಾಸಾಯನಿಕದ ಗುಣವದು. ಹೊಳೆಯದಿದ್ದರೆ ಒಂದು ಕವಲಿನ ತುದಿಯನ್ನು ಬ್ಲೇಡಿನಿಂದ ಎಬ್ಬಿಸಿ ಅಡಿಭಾಗವನ್ನು ಮಸೂರದಲ್ಲಿ ನೋಡಿ. ಬೇರಿನಂಥ ಎಳೆಗಳು ಪಿಕ್ಸಿನೆಗೆ ಇರುತ್ತವೆ, ನೋಡಲು ಅದರಂತೆಯೇ ಇರುವ ಡಿರಿನಾರಿಯಾ ಎಂಬ ಇನ್ನೊಂದು ಕುಲಕ್ಕೆ ಇರುವುದಿಲ್ಲ. ಕೊನೆಗೆ, ಕೈಗವಸು ಹಾಕಿಕೊಂಡು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿಯನ್ನು ಮೇಲ್ಮೈಗೆ ಮುಟ್ಟಿಸಿ. ಡಿರಿನಾರಿಯಾ ಹಳದಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಒಣಗಿದ ಮೇಲೆ ಮತ್ತೆ ಬೂದು ಬಣ್ಣ ಬಂದಿದೆ. ಟಾರ್ಚಿಗೆ ಮೇಲ್ಮೈ ಹೊಳೆಯಲಿಲ್ಲ. ಅಡಿಭಾಗ ಕಪ್ಪು, ಒಂದು ಎಳೆಯೂ ಇಲ್ಲ. ಹನಿ ಬಿದ್ದ ಜಾಗ ಹಳದಿಯಾಯಿತು. ಕವಲುಗಳ ತುದಿಗಳು ಒಂದಕ್ಕೊಂದು ಬೆಸೆದು ಬೀಸಣಿಗೆಯಂತೆ ಹರಡಿವೆ.

ಉತ್ತರ (ಸೋಮವಾರಪೇಟೆಯಿಂದ):
ಹಾಗಾದರೆ ಕುಲ ಡಿರಿನಾರಿಯಾ ಎನ್ನುವುದರಲ್ಲಿ ಸಂಶಯ ಬೇಡ. ತುದಿಗಳು ಬೆಸೆದಿರುವುದರಿಂದ ಡಿರಿನಾರಿಯಾ ಅಪ್ಲನಾಟಾ ಎಂದು ನನ್ನ ಅಭಿಪ್ರಾಯ. ಅದೇ ಕುಲದ ಡಿರಿನಾರಿಯಾ ಪಿಕ್ಟಾದಲ್ಲಿ ಕವಲುಗಳು ಬಿಡಿಬಿಡಿಯಾಗಿರುತ್ತವೆ. ಎರಡೂ ಉಷ್ಣವಲಯದಲ್ಲಿ ವ್ಯಾಪಕವಾಗಿರುವ ಜಾತಿಗಳು, ಹಾಗಾಗಿ ಅಪರೂಪ ಎಂದು ದಾಖಲಿಸಬೇಡಿ. ಆದರೆ ಯಾವ ಕಾಂಡ್ಲಾ ಮರ, ನೀರಿನ ಉಬ್ಬರದ ಗೆರೆಯಿಂದ ಎಷ್ಟು ಎತ್ತರ ಎಂಬುದು ನೆನಪಿದ್ದರೆ ಲಕೋಟೆಯ ಮೇಲೆ ತಪ್ಪದೆ ಬರೆಯಿರಿ. ಜಾತಿಯ ಹೆಸರು ಪಕ್ಕಾ ಆಗಬೇಕೆಂದರೆ ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಗೆ ಬರೆದು ಕೇಳಿ. ಅಲ್ಲಿ ಕಲ್ಲುಹೂವುಗಳ ದೊಡ್ಡ ಸಂಗ್ರಹವೇ ಇದೆ.