ಸಹಾಯ ಬೇಕು: ಸೆರೆಬ್ರಲ್ ಪಾಲ್ಸಿ ಇರುವ ಮಗನಿಗೆ ಕೈರೊಪ್ರ್ಯಾಕ್ಟಿಕ್ ಚಿಕಿತ್ಸೆ ಕೊಡಿಸಬಹುದೇ?

ಎಲ್ಲರಿಗೂ ನಮಸ್ಕಾರ. ನಾವು ಮೆಲ್ಬರ್ನ್‌ನಲ್ಲಿ ನೆಲೆಸಿದ್ದು, ನಮ್ಮ ಐದು ವರ್ಷದ ಮಗನಿಗೆ ಎರಡೂ ಕಾಲುಗಳ ಸ್ನಾಯುಗಳು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿ ಇದೆ. ಫಿಸಿಯೋಥೆರಪಿ, ಕಾಲಿನ ಸ್ಪ್ಲಿಂಟ್, ಸೊಂಟದ ಕೀಲಿನ ಎಕ್ಸ್-ರೇ ತಪಾಸಣೆ ಎಲ್ಲವೂ ತಪ್ಪದೆ ನಡೆಯುತ್ತಿದ್ದು, ಈಗ ಅವನು ವಾಕರ್ ಹಿಡಿದು ಅಂಗಳದ ತುದಿಯವರೆಗೆ ತಾನಾಗಿಯೇ ನಡೆಯುತ್ತಾನೆ.

ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಮಾಡುವ ಕೈರೊಪ್ರ್ಯಾಕ್ಟಿಕ್ ಚಿಕಿತ್ಸೆಯಿಂದ ಈ ಬಿಗಿತ ಸಡಿಲವಾಗುತ್ತದೆ ಎಂದು ಬಂಧುಗಳೊಬ್ಬರು ಒತ್ತಾಯಿಸುತ್ತಿದ್ದಾರೆ. ಅವರಿಗೆ ಮಗುವಿನ ಮೇಲಿರುವ ಅಕ್ಕರೆ ನಿಜವಾದದ್ದು. ಆದರೆ ತೊಂದರೆಯ ಮೂಲ ಮೆದುಳಿನಲ್ಲಿರುವಾಗ ಬೆನ್ನುಮೂಳೆಯನ್ನು ಒತ್ತಿದರೆ ಅದು ಹೇಗೆ ವಾಸಿಯಾದೀತು ಎಂಬುದು ನನಗೆ ತಿಳಿಯುತ್ತಿಲ್ಲ. 2019ರಲ್ಲಿ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ನಡೆದ ಸರ್ಕಾರಿ ಪರಿಶೀಲನೆಯೂ 12 ವರ್ಷದೊಳಗಿನ ಮಕ್ಕಳಿಗೆ ಇದರಿಂದ ಪ್ರಯೋಜನವಿದೆ ಎನ್ನಲು ಗಟ್ಟಿಯಾದ ಆಧಾರ ಕಾಣಲಿಲ್ಲ. ನೋವಾದರೆ ಬಾಯಿಬಿಟ್ಟು ಹೇಳಲಾರದ ಮಗುವಿನ ಕುತ್ತಿಗೆಯನ್ನು ಯಾರಾದರೂ ರಭಸದಿಂದ ತಿರುಗಿಸಿದರೆ ಎಂಬ ಭಯವೇ ನನಗೆ ದೊಡ್ಡದು.

ಇಂಥ ಮಕ್ಕಳ ತಂದೆತಾಯಿಯರು, ಫಿಸಿಯೋಥೆರಪಿಸ್ಟ್‌ಗಳು ಅಥವಾ ಮಕ್ಕಳ ನರರೋಗ ತಜ್ಞರು ಗುಂಪಿನಲ್ಲಿದ್ದರೆ, ನಿಮ್ಮ ಅನುಭವವನ್ನು ದಯವಿಟ್ಟು ತಿಳಿಸಿ. ಬಿಗಿತಕ್ಕೆ ಬೊಟುಲಿನಮ್ ಚುಚ್ಚುಮದ್ದು ಕೊಡಿಸಿದವರು, ಅದರ ಪರಿಣಾಮ ಎಷ್ಟು ತಿಂಗಳು ಉಳಿಯಿತೆಂದು ಬರೆದರೆ ಬಹಳ ಉಪಕಾರವಾಗುತ್ತದೆ.