ಶಾರ್ಜಾದಲ್ಲಿ ಮೊದಲನೇ ಹೆರಿಗೆ ಸಿಸೇರಿಯನ್, ಎರಡನೆಯದು ಊರಲ್ಲಿ ಸಹಜ ಆಗಬಹುದಾ? ಅನುಭವ ಇದ್ದವರು ಹೇಳಿ

ಬದಿಯಡ್ಕದವಳು:
ಈಗ 31 ವಾರ. ಮೊದಲನೆಯದು 2021ರಲ್ಲಿ ಶಾರ್ಜಾದಲ್ಲಿ. 41ನೇ ವಾರಕ್ಕೆ ನೋವು ಬರಿಸಿದರು, 19 ಗಂಟೆ ಆದರೂ ಗರ್ಭಕೋಶದ ಬಾಯಿ ತೆರೆದದ್ದು 6 ಸೆಂ.ಮೀ. ದಾಟಲಿಲ್ಲ, ರಾತ್ರಿ ತುರ್ತು ಸಿಸೇರಿಯನ್. ಕೊರೊನಾ ಕಾಲ, ಮನೆಯವರನ್ನು ಒಳಗೆ ಬಿಡಲಿಲ್ಲ. ಯಾಕೆ ಕೊಯ್ದರು ಎಂದು ಯಾರೂ ನಿಂತು ಹೇಳಲಿಲ್ಲ. ಕೈಯಲ್ಲಿರುವುದು ಒಂದು ಪುಟದ ಡಿಸ್ಚಾರ್ಜ್ ಸಮ್ಮರಿ ಮಾತ್ರ. ಮನೆ ಬದಿಯಡ್ಕದಿಂದ ಒಳಗೆ. ಮಂಗಳೂರಾ, ಕಾಸರಗೋಡಾ, ಕಾಞಂಗಾಡಾ (ಹೊಸದುರ್ಗ)? ಎಂತೆಲ್ಲ ಕೇಳಬೇಕು, ಎಷ್ಟಾಗುತ್ತದೆ, ಎಲ್ಲಿ ಎಡವಟ್ಟಾಗುತ್ತದೆ? ಕಥೆ ಬೇಡ, ಕಥೆ ಕೇಳಿ ಕೇಳಿ ಹೆದರಿಕೆ ಜಾಸ್ತಿಯಾಗಿದೆ. ಲೆಕ್ಕ ಹೇಳಿ.

ದೋಹಾ ಟು ಕುಂಬಳೆ:
ನನ್ನದು ಸಿಸೇರಿಯನ್ ಆಗಿ 3 ವರ್ಷ 2 ತಿಂಗಳಿಗೆ ಸಹಜ, ಮಗು 3.1 ಕೆ.ಜಿ. ಕಥೆ ಅಷ್ಟೇ. ಆಸ್ಪತ್ರೆ ಆಮೇಲೆ ನೋಡುವ, ಮೊದಲು ಕಾಗದ. ಸಮ್ಮರಿ ಒಂದೇ ಹಿಡಿದು ಹೋದರೆ ಡಾಕ್ಟ್ರು ಕೂತಲ್ಲೇ ಬೇಡ ಅಂತಾರೆ, ಅವರ ತಪ್ಪಲ್ಲ. ಹೊಟ್ಟೆ ಮೇಲಿನ ಗೆರೆ ಅಡ್ಡ ಉಂಟು ಅಂದ ಮಾತ್ರಕ್ಕೆ ಗರ್ಭಕೋಶವನ್ನೂ ಅಡ್ಡವೇ ಕೊಯ್ದಿದ್ದಾರೆ ಅಂತ ಇಲ್ಲ. ಅದು ಗೊತ್ತಾಗುವುದು ಆಪರೇಷನ್ ನೋಟಿನಲ್ಲಿ.

ಅಲ್ಲಿಯ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಇಮೇಲ್ ಹಾಕಿ. ಪಾಸ್‌ಪೋರ್ಟ್ ಪ್ರತಿ, ಆಗಿನ ಐಡಿ ಕಾರ್ಡಿನ ಪ್ರತಿ, ಫೈಲ್ ನಂಬರ್. ಫೈಲ್ ನಂಬರ್ ಹಳೇ ಬಿಲ್ಲಿನಲ್ಲಿ ಇರುತ್ತದೆ. ಪಾಸ್‌ಪೋರ್ಟ್ ನವೀಕರಿಸಿದ್ದರೆ ಹಳೆಯದರ ನಂಬರನ್ನೂ ಬರೆಯಿರಿ, ಇಲ್ಲದಿದ್ದರೆ "ಇಂಥವರು ನಮ್ಮಲ್ಲಿ ಇಲ್ಲ" ಅಂತ ಉತ್ತರ ಬರುತ್ತದೆ. ನನಗೆ ಎರಡು ಸಲ ಬಂತು. ಅಲ್ಲಿರುವ ಯಾರಾದರೂ ಹೋಗಿ ತರುವುದಾದರೆ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. "ಪೂರ್ತಿ ಫೈಲ್ ಕೊಡಿ" ಅಂತ ಬರೆದರೆ ತಿಂಗಳುಗಟ್ಟಲೆ ಕಾಯಿಸುತ್ತಾರೆ. ಎರಡೇ ಕೇಳಿ: ಆಪರೇಷನ್ ನೋಟ್, ಹೆರಿಗೆ ಕೋಣೆಯ ಚಾರ್ಟ್. ನನಗೆ 12 ದಿನ ಹಿಡಿಯಿತು, 100 ರಿಯಾಲ್.

ಬಂದ ಮೇಲೆ ಮೂರು ನೋಡಿ. ಕೊಯ್ದದ್ದು ಕೆಳಭಾಗದಲ್ಲಿ ಅಡ್ಡವಾಗಿಯಾ, ಕೊಯ್ದ ಗೆರೆ ಎಲ್ಲಿಗಾದರೂ ಸೀಳಿ ಮುಂದೆ ಹೋಗಿದೆಯಾ, ಹೊಲಿಗೆ ಒಂದು ಪದರವಾ ಎರಡಾ. ಅಡಿಯಿಂದ ಮೇಲಕ್ಕೆ ಉದ್ದ ಕೊಯ್ದದ್ದಾದರೆ ಸಹಜದ ಆಸೆ ಅಲ್ಲಿಗೇ ಬಿಡಿ.

ಮುಳ್ಳೇರಿಯ ನಿವೃತ್ತ ನರ್ಸ್:
ಮೇಲಿನವರು ಹೇಳಿದ್ದರ ಜೊತೆಗೆ ಚಾರ್ಟಿನಲ್ಲಿ ಮಗುವಿನ ತಲೆ ಹೇಗೆ ತಿರುಗಿತ್ತು ಎಂಬುದನ್ನೂ ನೋಡಿ. ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿದ್ದು 6 ಸೆಂ.ಮೀ.ಗೆ ನಿಂತಿದ್ದರೆ ಅದು ಆ ಸಲದ ತೊಂದರೆ. ಸೊಂಟ ಚಿಕ್ಕದು ಎಂದು ಅರ್ಥವಲ್ಲ.

ಲೆಕ್ಕ ಕೇಳಿದ್ದೀರಿ. ಒಂದು ಸಿಸೇರಿಯನ್ ಆಗಿ ಸಹಜಕ್ಕೆ ಪ್ರಯತ್ನಿಸಿದ ನೂರು ಮಂದಿಯಲ್ಲಿ 60ರಿಂದ 80 ಮಂದಿಗೆ ಆಗುತ್ತದೆ. ಹಿಂದೆ ಒಂದಾದರೂ ಸಹಜ ಆಗಿದ್ದರೆ 85-90. ಹಿಂದಿನ ಸಲ ನೋವಿನ ನಡುವೆ ನಿಂತುಹೋದವರಿಗೆ ಸಾಧ್ಯತೆ ಸ್ವಲ್ಪ ಕಡಿಮೆ, ಮಗು ಕಾಲು ಕೆಳಗೆ ಮಾಡಿ ಕೂತಿತ್ತೆಂದು ಕೊಯ್ದವರಿಗೆ ಹೆಚ್ಚು. ಪ್ರಯತ್ನದ ವೇಳೆ ಗರ್ಭಕೋಶದ ಹಳೇ ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ನೋವು ಬರುವ ಮೊದಲೇ ಕೊಯ್ದರೆ ಅದು ಹತ್ತು ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಎರಡು ಹೆರಿಗೆಗಳ ನಡುವೆ 18 ತಿಂಗಳಾದರೂ ಇರಬೇಕು.

ಎಡವಟ್ಟು ಆಗುವುದು ಹೆಚ್ಚಾಗಿ ದಿನ ಕಳೆದು ನೋವು ಬರಿಸುವಾಗ. ನೋವು ಬರಿಸುವ ಡ್ರಿಪ್ ಹಾಕಿದರೆ ಹೊಲಿಗೆ ಬಿಡುವ ಅಪಾಯ ಎರಡು-ಮೂರು ಪಟ್ಟು. ತಿಂಗಳು ತುಂಬಿ ಹಳೇ ಹೊಲಿಗೆ ಇರುವವರಿಗೆ ನೋವು ಬರಿಸಲು ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಬಾರದು. ಬರಿಸಲೇಬೇಕಾದರೆ ಗರ್ಭಕೋಶದ ಬಾಯಿ ಹಿಗ್ಗಿಸುವ ಫೋಲಿ ಬಲೂನು ಹಾಕುತ್ತಾರೆ, ಡ್ರಿಪ್ ಹಾಕಿದರೂ ಹನಿ ಲೆಕ್ಕದಲ್ಲಿ, ಪಕ್ಕದಲ್ಲೇ ನಿಂತು. ಆದ್ದರಿಂದ 36ನೇ ವಾರದಲ್ಲೇ ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ: 40 ವಾರ ದಾಟಿದರೆ ಏನು, ನೋವಿಲ್ಲದೆ ನೀರು ಒಡೆದರೆ ಏನು, ಕಾಯುವುದು ಎಲ್ಲಿಯ ತನಕ.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು ಹೆಸರು ಎಷ್ಟು ದೊಡ್ಡದು ಎಂದಲ್ಲ. ರಾತ್ರಿ 2 ಗಂಟೆಗೆ ಅರಿವಳಿಕೆ ಡಾಕ್ಟರ್ ಒಳಗೇ ಇರುತ್ತಾರೆಯೇ, ಫೋನು ಮಾಡಿ ಮನೆಯಿಂದ ಕರೆಸಬೇಕೇ? ರಕ್ತ ಆವರಣದೊಳಗೇ ಸಿಗುತ್ತದೆಯೇ? ಮಗುವಿನ ಎದೆಬಡಿತದ ಯಂತ್ರ ಹೆರಿಗೆ ಕೋಣೆಯಲ್ಲಿ ಎಷ್ಟಿದೆ? ಇಡೀ ಹೊತ್ತು ಕಟ್ಟಿರಬೇಕು, ಗಂಟೆಗೊಮ್ಮೆ ನೋಡಿದರೆ ಸಾಲದು. ಹೊಲಿಗೆ ಬಿಡುವ ಮೊದಲ ಸೂಚನೆ ಹೆಚ್ಚಾಗಿ ಆ ಯಂತ್ರದಲ್ಲೇ ಸಿಗುವುದು. ಉಳಿದವು ಆಮೇಲೆ: ಎರಡು ನೋವಿನ ನಡುವೆಯೂ ಬಿಡದ ಹೊಲಿಗೆಯ ಉರಿ, ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಲ್ಲುವುದು, ಇಳಿದಿದ್ದ ತಲೆ ಮೇಲೆ ಸರಿಯುವುದು, ಮೂತ್ರದಲ್ಲಿ ರಕ್ತ, ಭುಜದ ತುದಿಯಲ್ಲಿ ನೋವು.

ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಂಡರೆ ಹೊಲಿಗೆ ಬಿಟ್ಟದ್ದು ಗೊತ್ತಾಗುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಹಾಗಿಲ್ಲ, ತೆಗೆದುಕೊಳ್ಳಬಹುದು. 32 ವಾರಕ್ಕೆ ಒಂದು ಸ್ಕ್ಯಾನ್ ಬೇಕು, ಮಾಸು ಹಳೇ ಹೊಲಿಗೆಯ ಮೇಲೆ ಕೂತಿಲ್ಲ ಎಂದು ಖಾತ್ರಿ ಮಾಡಲು.

ಎರಡೂ ಕೊಯ್ದೇ ಆಯ್ತು:
ಸಹಜ ಸಹಜ ಅಂತ ಕುಣಿಯುವುದನ್ನು ನೋಡಿ ಸಾಕಾಯ್ತು. ಆ 200ರಲ್ಲಿ 1 ನಮ್ಮ ಮನೆಯದ್ದಾದರೆ ಯಾರು ಬರ್ತಾರೆ? ನನ್ನ ಎರಡನೆಯದು 39 ವಾರ ತುಂಬಿದ ಮೇಲೆ ದಿನ ಗೊತ್ತು ಮಾಡಿ, ಮಂಗಳೂರಲ್ಲಿ. 39ರ ಮೊದಲು ಕೊಯ್ದರೆ ಮಗುವಿಗೆ ಉಸಿರಿನ ತೊಂದರೆ ಜಾಸ್ತಿ, ಅದಕ್ಕೆ ಕಾದರು. ಹಿಂದಿನ ರಾತ್ರಿ 12ರ ಮೇಲೆ ಊಟ ಇಲ್ಲ. ಬೆನ್ನಿಗೆ ಇಂಜೆಕ್ಷನ್, ಅರಿವಳಿಕೆ ಡಾಕ್ಟ್ರು ತಲೆ ಹತ್ತಿರ ಕೂತು ಕನ್ನಡದಲ್ಲಿ ಈಗ ಇಂಥದ್ದು ಮಾಡ್ತಾರೆ, ಈಗ ಎಳೆದ ಹಾಗೆ ಆಗ್ತದೆ ಅಂತ ಒಂದೊಂದೇ ಹೇಳಿದರು, ಪರದೆ ಇಳಿಸಿ ಮಗು ತೋರಿಸಿದರು, ಅಲ್ಲೇ ಎದೆ ಮೇಲೆ ಇಟ್ಟರು. ಹೊರಗಿನ ದೇಶದಲ್ಲಿ ಸಿಗದೇ ಇದ್ದದ್ದು ಅದು. ಸಹಜವೇ ಆಗಬೇಕು ಅಂತ ಯಾರಪ್ಪ ಹೇಳಿದ್ದು?

ಬಿಲ್ಲು, ಇಬ್ಬರು ಹಂಚಿಕೊಳ್ಳುವ ರೂಮು, 4 ದಿನ: ಆಪರೇಷನ್ ಮತ್ತು ಡಾಕ್ಟ್ರು 38,000, ಅರಿವಳಿಕೆ 9,500, ರೂಮು 12,800, ಔಷಧಿ 14,600, ಮಗುವಿನ ಡಾಕ್ಟ್ರು 8,500, ರಕ್ತ ಹೊಂದಿಸಿ ಇಟ್ಟದ್ದು 1,800 (ಬಳಸಲಿಲ್ಲ, ಆದರೂ ಹಣ), ಲ್ಯಾಬು 4,200, ಇತರೆ 3,000. ಒಟ್ಟು 92,400. ಆ "ಇತರೆ" ಎಂತದ್ದು ಅಂತ ಮೂರು ಸಲ ಕೇಳಿದೆ. ಗ್ಲೌಸು, ಡಯಾಪರು.

ದೋಹಾ ಟು ಕುಂಬಳೆ:
ಕುಣಿದದ್ದು ಯಾರು ಮಾರಾಯ್ತಿ? ಅವರು ಸಹಜದ್ದು ಕೇಳಿದ್ದಾರೆ, ನಾನು ಅದನ್ನೇ ಹೇಳಿದ್ದು. ಮೂರನೆಯದು ಬೇಕು ಅನ್ನಿಸಿದರೆ ನಿಮಗೆ ಗೊತ್ತಾಗ್ತದೆ. ಎರಡನೇ ಸಿಸೇರಿಯನ್ನಿಗೆ ಮಾಸು ಬಿಡಿಸಲಾಗದ ಹಾಗೆ ಅಂಟಿಕೊಳ್ಳುವುದು ನೂರಕ್ಕೆ 11, ಮೂರನೆಯದಕ್ಕೆ 40. ಗರ್ಭಕೋಶವೇ ತೆಗೀಬೇಕಾಗ್ತದೆ.

ಮುಳ್ಳೇರಿಯ ನಿವೃತ್ತ ನರ್ಸ್:
ಅರ್ಧ ಓದಿ ಅಂಕಿ ಹಾಕಬೇಡಿ. 11 ಮತ್ತು 40 ಎಂಬುದು ಮಾಸು ಕೆಳಗೆ, ಗರ್ಭಕೋಶದ ಬಾಯಿ ಮುಚ್ಚಿ ಕೂತಿದ್ದವರ ಲೆಕ್ಕ. ಮಾಸು ಸರಿಯಾದ ಜಾಗದಲ್ಲಿದ್ದರೆ ಎರಡನೇ, ಮೂರನೇ ಸಿಸೇರಿಯನ್ನಿನಲ್ಲಿ ನೂರಕ್ಕೆ ಒಂದೂ ಬರುವುದಿಲ್ಲ.

ಎರಡೂ ಕೊಯ್ದೇ ಆಯ್ತು:
ನೋಡಿದಿರಾ.

ಉಪ್ಪಳದ ಅಳಿಯ:
ನಮ್ಮದು ಪ್ರಯತ್ನ ಮಾಡಿ 8 ಸೆಂ.ಮೀ.ಗೆ ಬಂದು ಸಿಸೇರಿಯನ್ನಿಗೆ ಒಳಗೆ ಕರಕೊಂಡು ಹೋದದ್ದು. ತಾಯಿ ಮಗು ಆರಾಮ, ನನ್ನ ದೂರು ಹಣದ್ದು. "ಸಹಜ ಹೆರಿಗೆ ಪ್ಯಾಕೇಜ್ 48,000" ಅಂತ ಕೌಂಟರಲ್ಲಿ ಬರೆದುಕೊಟ್ಟರು. ಸಿಸೇರಿಯನ್ ಆದ ಕೂಡಲೇ ಪ್ಯಾಕೇಜ್ ರದ್ದು, ಹೆರಿಗೆ ಕೋಣೆ 14 ಗಂಟೆ ಬೇರೆ, ಎಪಿಡ್ಯೂರಲ್ 12,000 ಬೇರೆ, ಆಪರೇಷನ್ ಥಿಯೇಟರಿಗೆ ರಾತ್ರಿ ದರ ಬೇರೆ. 1,38,000. ಕಂಪೆನಿ ಇನ್ಶೂರೆನ್ಸಲ್ಲಿ ಹೆರಿಗೆಗೆ ಮಿತಿ 50,000. ಮೊದಲೇ ಕೇಳಿ ಬರೆಸಿಕೊಳ್ಳಿ: ನಡುವೆ ಬದಲಾದರೆ ಒಟ್ಟು ಎಷ್ಟು.

ದಾರಿ ವಿಷಯ. ಬದಿಯಡ್ಕದ ಒಳಗಿಂದ ಮಂಗಳೂರಿಗೆ ಐವತ್ತು ಚಿಲ್ಲರೆ ಕಿ.ಮೀ. ಹೈವೇ ಕೆಲಸ, ಸರ್ವಿಸ್ ರಸ್ತೆ, ತಲಪಾಡಿ ಟೋಲ್, ಪಂಪ್‌ವೆಲ್. ಹಳೇ ಹೊಲಿಗೆ ಇರುವವರು ಐದು ನಿಮಿಷಕ್ಕೊಂದು ನೋವು ಬರಲಿ ಅಂತ ಮನೆಯಲ್ಲಿ ಕಾಯಬಾರದು, ಶುರುವಾದಾಗಲೇ ಹೋಗಬೇಕು. ನಾವು 38 ವಾರಕ್ಕೇ ಆಸ್ಪತ್ರೆ ಹತ್ತಿರ ರೂಮು ಮಾಡಿದ್ದು, ದಿನಕ್ಕೆ 900, 16 ದಿನ, 14,400. ಊಟ ಬೇರೆ.

ಹೊಸದುರ್ಗದವಳು:
ಎಲ್ಲರೂ ಮಂಗಳೂರಿಗೇ ಯಾಕೆ ಓಡಬೇಕು? ಸರಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಯೋಜನೆ 2011ರಿಂದ ಉಂಟು. ಸಿಸೇರಿಯನ್ ಆದರೂ ಉಚಿತ, ಔಷಧಿ, ರಕ್ತ, ಪರೀಕ್ಷೆ, ಸಹಜಕ್ಕೆ 3 ದಿನ ಸಿಸೇರಿಯನ್ನಿಗೆ 7 ದಿನ ಊಟ, ಹೋಗಿ ಬರುವ ಗಾಡಿ. ಹೆರಿಗೆ ಕೋಣೆಯಲ್ಲಿ ಒಬ್ಬಳು ಜೊತೆಗಾತಿಯನ್ನು ಬಿಡಬೇಕೆಂದು ಸರಕಾರದ ಲಕ್ಷ್ಯ ಕಾರ್ಯಕ್ರಮದಲ್ಲೇ ಉಂಟು, ಕೇಳಿ ಪಡೆಯಿರಿ. ನನ್ನ ಜೊತೆ ನನ್ನ ಅತ್ತಿಗೆ ಇದ್ದಳು. ನನ್ನ ಕೈಯಿಂದ ಹೋದದ್ದು 2,340, ಅದರಲ್ಲಿ 1,100 ಆಟೋ. ಹೊಲಿಗೆ ಇದ್ದೂ ಸಹಜ ಆಯ್ತು.

ಒಂದೇ ತೊಂದರೆ, ಸಮ್ಮತಿ ಪತ್ರ ಮಲಯಾಳದಲ್ಲಿ. ಓದಿ ಹೇಳಿ ಅಂದರೆ ಹೇಳುತ್ತಾರೆ, ಸುಮ್ಮನೆ ಸಹಿ ಹಾಕಬೇಡಿ.

ಉಪ್ಪಳದ ಅಳಿಯ:
ಅದೇ ಹೇಳುವುದು. ಹೊರದೇಶದಲ್ಲಿ ಅರಬಿ ಕಾಗದಕ್ಕೆ ಸಹಿ, ಊರಿಗೆ ಬಂದರೆ ಮಲಯಾಳ ಕಾಗದಕ್ಕೆ ಸಹಿ. ಮಂಗಳೂರಲ್ಲಾದರೆ ನಮ್ಮ ಭಾಷೆಯಲ್ಲಿ ಬೈಸಿಕೊಳ್ಳಬಹುದು.

ಹೊಸದುರ್ಗದವಳು:
2020ರ ಮಾರ್ಚಲ್ಲಿ ಕೊರೊನಾ ಅಂತ ಅದೇ ನಿಮ್ಮ ಭಾಷೆಯವರು ಕೇರಳ-ಕರ್ನಾಟಕ ಗಡಿ ರಸ್ತೆಗೆ ಮಣ್ಣು ಸುರಿದರಲ್ಲ. ಆಂಬುಲೆನ್ಸ್ ಬಿಡಿ ಅನ್ನಲಿಕ್ಕೆ ಹೈಕೋರ್ಟಿಗೆ ಹೋಗಬೇಕಾಯ್ತು. ಆಗ ಯಾವ ಭಾಷೆ?

ಉಪ್ಪಳದ ಅಳಿಯ:
ಇಲ್ಲಿ ದೊಡ್ಡ ಆಸ್ಪತ್ರೆ ಇದ್ದಿದ್ದರೆ ಮಣ್ಣು ಹಾಕಿದರೆಂತ, ಗೋಡೆ ಕಟ್ಟಿದರೆಂತ? ಬದಿಯಡ್ಕದ ಹತ್ತಿರ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದರ ಬಗ್ಗೆ ಮಾತಾಡಿ.

ನೀರ್ಚಾಲು ಅಕ್ಕ:
ಗಡಿ ಜಗಳ ಬಿಡಿ ಮಕ್ಕಳೇ. ಹಿಮೋಗ್ಲೋಬಿನ್ ಯಾರೂ ಹೇಳಲಿಲ್ಲ. 11ಕ್ಕಿಂತ ಕೆಳಗಿದ್ದರೆ ಈಗಲೇ ಸರಿ ಮಾಡಬೇಕು. ಮಾತ್ರೆ ಊಟವಾಗಿ ಎರಡು ಗಂಟೆ ಬಿಟ್ಟು, ಲಿಂಬೆ ನೀರಿನ ಜೊತೆ. ಚಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಅದರ ಹತ್ತಿರ ಬೇಡ, ಕಬ್ಬಿಣ ಹಿಡಿಯುವುದಿಲ್ಲ. 34 ವಾರಕ್ಕೂ ಏರದಿದ್ದರೆ ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಕೇಳಿ. ಇನ್ನೊಂದು, 35 ವಾರದಿಂದ ದಿನಾ ಐದು ನಿಮಿಷ ತೆಂಗಿನೆಣ್ಣೆ ಹಚ್ಚಿ ಯೋನಿಯ ಹೊರಬಾಯಿಯ ಕೆಳಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಗ್ಗಿಸುವುದು, ಹರಿಯುವುದು ಕಡಿಮೆ.

ಹೆರಿಗೆಯಾಗಿ ಮೂರನೇ ದಿನದಿಂದ ನೆಕ್ಕಿ (ಲಕ್ಕಿ) ಸೊಪ್ಪು ಹಾಕಿ ಕುದಿಸಿದ ನೀರು, ಧಾನ್ವಂತರ ತೈಲ, ದಶಮೂಲಾರಿಷ್ಟ. ಕೊಯ್ದವರಿಗೂ ಇದೇ ಬಾಣಂತನ.

ಮುಳ್ಳೇರಿಯ ನಿವೃತ್ತ ನರ್ಸ್:
ಕೊಯ್ದವರಿಗೆ ಇದೇ ಅಲ್ಲ. ಗಾಯ ಒಣಗುವ ತನಕ ಹೊಟ್ಟೆಯ ಮೇಲೆ ಬಿಸಿನೀರು ಎರಚಬಾರದು, ಎಣ್ಣೆ ತಾಗಿಸಬಾರದು. ಹೊಲಿಗೆ ಬಿಚ್ಚಿ, ಡಾಕ್ಟರ್ ನೋಡಿದ ಮೇಲೆ ಸ್ನಾನದ ವಿಚಾರ. ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶ ಇರುತ್ತದೆ, ಹಾಲೂಡಿಸುವವರು ಕೇಳಿಯೇ ಕುಡಿಯಬೇಕು.

ನೀರ್ಚಾಲು ಅಕ್ಕ:
ನಮ್ಮ ಕಡೆ ನೂರು ವರ್ಷದಿಂದ ಕುಡಿಯುತ್ತಾರೆ.

ದೋಹಾ ಟು ಕುಂಬಳೆ:
ಹೊಲಿಗೆ ದಪ್ಪ ಅಳೆಯುವ ಸ್ಕ್ಯಾನ್ ಮರೆತದ್ದು. ನನ್ನದು 3.4 ಮಿ.ಮೀ. ಇತ್ತು. 3.5 ಬೇಕು ಅಂತ ಒಬ್ಬರು, 2.5 ಸಾಕು ಅಂತ ಇನ್ನೊಬ್ಬರು.

ಮುಳ್ಳೇರಿಯ ನಿವೃತ್ತ ನರ್ಸ್:
ಎಲ್ಲರೂ ಒಪ್ಪಿದ ಗೆರೆ ಇಲ್ಲ, ಅದಕ್ಕೇ ಇಬ್ಬರು ಎರಡು ಹೇಳಿದ್ದು. ಆ ಒಂದು ಅಂಕಿ ನೋಡಿ ಹೌದು ಅಥವಾ ಬೇಡ ಎನ್ನಬೇಡಿ.

ಬದಿಯಡ್ಕದವಳು:
ನೋಟ್ ಬಂತು. ಕೆಳಭಾಗ ಅಡ್ಡ ಕೊಯ್ತ, ಎರಡು ಪದರ ಹೊಲಿಗೆ, ಮಗುವಿನ ಬೆನ್ನು ನನ್ನ ಬೆನ್ನಿನ ಕಡೆಗಿತ್ತಂತೆ. ಆದರೆ ಇನ್ನೊಂದು ಸಾಲು ಉಂಟು, "ಎಡಬದಿಯಲ್ಲಿ ಜೆ ಆಕಾರದಲ್ಲಿ ವಿಸ್ತರಣೆ". ಇದು ಎಂತದ್ದು?

ಮುಳ್ಳೇರಿಯ ನಿವೃತ್ತ ನರ್ಸ್:
ಅಡ್ಡ ಕೊಯ್ದ ಗೆರೆಯ ತುದಿ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಮೇಲಕ್ಕೆ ತಿರುಗಿದೆ ಎಂದು. ಮಗುವನ್ನು ತೆಗೆಯಲು ಜಾಗ ಸಾಲದಾಗ ಕತ್ತರಿಯಲ್ಲಿ ಹಾಗೆ ಮಾಡುತ್ತಾರೆ. ಮೇಲಿನ ದಪ್ಪ ಸ್ನಾಯುವಿನವರೆಗೆ ಹೋಗಿದ್ದರೆ ಹೊಲಿಗೆ ಬಿಡುವ ಅಪಾಯ ನಾನು ಹೇಳಿದ 200ರ ಲೆಕ್ಕಕ್ಕಿಂತ ಹೆಚ್ಚು, ಬಹಳಷ್ಟು ಡಾಕ್ಟರು ಪ್ರಯತ್ನಕ್ಕೆ ಒಪ್ಪುವುದಿಲ್ಲ. ಬರೇ ಪಕ್ಕಕ್ಕೆ ಸೀಳಿದ್ದನ್ನೂ ಕೆಲವರು ಹಾಗೆ ಬರೆಯುವುದುಂಟು, ಅದು ಬೇರೆ ವಿಷಯ. ಎಷ್ಟು ಉದ್ದ, ಯಾವ ದಿಕ್ಕು ಎಂದು ಅಲ್ಲಿಗೆ ಇನ್ನೊಂದು ಇಮೇಲ್ ಹಾಕಿ. ಆ ಪುಟವನ್ನೇ ಹಿಡಿದು ಹಿರಿಯ ಡಾಕ್ಟರಿಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ. ಇಲ್ಲಿ ಯಾರು ಏನು ಹೇಳಿದರೂ, ನಾನೂ ಸೇರಿ, ಅದರ ಮೇಲೆ ನಿರ್ಧರಿಸಬೇಡಿ. ಅಲ್ಲಿಯ ತನಕ ನೋವು ಶುರುವಾದರೆ ಕಾಯದೆ ಆಸ್ಪತ್ರೆಗೆ.

ಎರಡೂ ಕೊಯ್ದೇ ಆಯ್ತು:
ನನ್ನ ಡಾಕ್ಟ್ರ ಹೆಸರು ಬೇಕಾದರೆ ಖಾಸಗಿಯಾಗಿ ಕೇಳಿ ತಂಗಿ. ಜಗಳ ಬೇರೆ, ಇದು ಬೇರೆ.

ಬದಿಯಡ್ಕದವಳು:
ಬುಧವಾರ ಒಬ್ಬರು, ಶನಿವಾರ ಇನ್ನೊಬ್ಬರು. ಇಮೇಲ್ ಹಾಕಿದೆ. ಅಳಿಯಣ್ಣ ಹೇಳಿದ್ದು ಓದಿ ಮಂಗಳೂರಲ್ಲಿ ರೂಮಿಗೆ 3,000 ಮುಂಗಡ ಬೇರೆ ಕೊಟ್ಟಾಗಿದೆ.

ಉಪ್ಪಳದ ಅಳಿಯ:
ಅದು ವಾಪಸು ಬರುವುದಿಲ್ಲ. ತಾರೀಕು ಬದಲಿಸಿ ಕೊಡ್ತಾರೆ, ರಶೀದಿ ಇಟ್ಟುಕೊಳ್ಳಿ.