ಪದಚರ್ಚೆ: ಪೊಟ್ಯಾಷ್ ‘ಸ್ಥಿರೀಕರಣ’ ಸರಿಯೇ? (ನಾಳೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಬೆಳೆಗೆ ಪೊಟ್ಯಾಷ್ ಹೇಗೆ ಸಿಗುತ್ತದೆ ಅನ್ನುವುದನ್ನೇ 30 ವರ್ಷ ಕೆದಕಿದ ಒಬ್ಬ ಮಣ್ಣು ವಿಜ್ಞಾನಿಯ ಪರಿಚಯ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಪೊಟ್ಯಾಸಿಯಂ ಫಿಕ್ಸೇಶನ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ರೂಢಿಯ ಪದ ‘ಸ್ಥಿರೀಕರಣ’. ಆದರೆ ‘ಸಾರಜನಕ ಸ್ಥಿರೀಕರಣ’ವನ್ನು ಶಾಲೆಯಲ್ಲೇ ಓದಿದ್ದೇವೆ, ಅಲ್ವಾ? ಅಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತವೆ. ಇಲ್ಲಿ ನಡೆಯುವುದು ಅದರ ಉಲ್ಟಾ. ಹಾಕಿದ ಗೊಬ್ಬರದ ಒಂದು ಪಾಲು ಜೇಡಿಯ ಪದರಗಳ ನಡುವೆ ಹೋಗಿ ಕೂತು ಬೇರಿಗೆ ಸಿಗದೆ ಹೋಗುತ್ತದೆ. ಎರಡಕ್ಕೂ ಒಂದೇ ಪದ ಇಟ್ಟರೆ ಓದಿದವರು ಒಳ್ಳೆಯದೇ ಆಯಿತು ಅಂದುಕೊಳ್ಳುತ್ತಾರೆ. ಆ ಹಿರಿಯರ ಕೆಲಸದ ತಿರುಳೇ ತಪ್ಪಿಹೋಗುತ್ತದೆ.

ಜೊತೆಗೆ ‘ಲಗ್ಜುರಿ ಕನ್ಸಂಪ್ಷನ್’. ಗಿಡ ಬೇಕಾದ್ದಕ್ಕಿಂತ ಜಾಸ್ತಿ ಪೊಟ್ಯಾಷ್ ಹೀರುತ್ತದೆ, ಇಳುವರಿ ಮಾತ್ರ ಏರುವುದಿಲ್ಲ. ಕರಡಿನಲ್ಲಿ ‘ಐಷಾರಾಮಿ ಬಳಕೆ’ ಅಂತಿದೆ. ನನಗೆ ಒಗ್ಗುತ್ತಿಲ್ಲ.

ಉತ್ತರ 1

‘ಸ್ಥಿರೀಕರಣ’ ಪಠ್ಯಗಳಲ್ಲಿ ನೆಲೆಯೂರಿದೆ. ಮುಟ್ಟಬೇಡಿ. ಒಬ್ಬೊಬ್ಬರು ಒಂದೊಂದು ಪದ ಕಟ್ಟಿದರೆ ಪರಿಭಾಷೆ ಅನ್ನುವುದೇ ಉಳಿಯುವುದಿಲ್ಲ.

ಉತ್ತರ 2

ಮೊದಲು ‘ಪೊಟ್ಯಾಷ್’ ತೆಗೆಯಿರಿ, ಉಳಿದದ್ದು ಆಮೇಲೆ. ಅದು ಪಾತ್ರೆ, ಬೂದಿ ಎಂಬ ಎರಡು ಮನೆಮಾತು ಕೂಡಿ ಆದ ಪದ. ಮರದ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಕಬ್ಬಿಣದ ಪಾತ್ರೆಯಲ್ಲಿ ಬತ್ತಿಸಿದರೆ ತಳದಲ್ಲಿ ಉಳಿಯುತ್ತಿದ್ದ ಉಪ್ಪು ಅದು. 1807ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದರೊಳಗಿನ ಲೋಹವನ್ನು ಬೇರ್ಪಡಿಸಿದಾಗ ‘ಪೊಟ್ಯಾಸಿಯಂ’ ಅಂತ ಹೆಸರು ಕೊಟ್ಟದ್ದೂ ಈ ಪದದಿಂದಲೇ. ರಸಾಯನಶಾಸ್ತ್ರದಲ್ಲಿ ಅದಕ್ಕಿರುವ ‘ಕೆ’ (K) ಎಂಬ ಗುರುತು ಅದರ ಲ್ಯಾಟಿನ್ ಹೆಸರಾದ ‘ಕ್ಯಾಲಿಯಂ’ನದು. ಅದರ ಹಿಂದಿರುವ ಅರಬ್ಬಿ ಮಾತಿಗೂ ಗಿಡದ ಬೂದಿ ಎಂದೇ ಅರ್ಥ. ಸಂಸ್ಕೃತದವರು ಜವೆಗೋಧಿಯ ಬೂದಿಯಿಂದ ತೆಗೆದದ್ದಕ್ಕೆ ‘ಯವಕ್ಷಾರ’ ಅಂದರು. ಎಲ್ಲರೂ ತಮ್ಮ ಬೂದಿಯಿಂದ ಹೆಸರು ಮಾಡಿಕೊಂಡಿದ್ದಾರೆ. ‘ಬೂದಿಯುಪ್ಪು’ ಅನ್ನಲು ನಮಗೇಕೆ ಹಿಂಜರಿಕೆ? ಗೊಬ್ಬರದ ಮೂರು ಮುಖ್ಯ ಪೋಷಕಾಂಶಗಳಲ್ಲಿ ಸಾರಜನಕ, ರಂಜಕ ಸಂಸ್ಕೃತದಿಂದ, ಮೂರನೆಯದಾದ ಪೊಟ್ಯಾಷ್ ಇಂಗ್ಲಿಷಿನಿಂದ. ನಮ್ಮದು ಅಂತ ಒಂದಾದರೂ ಬೇಡವೇ?

ಉತ್ತರ 3

‘ಬೂದಿಯುಪ್ಪು’ ಆಗದು. ಬೂದಿಯಿಂದ ಬರುತ್ತಿದ್ದದ್ದು ಕಾರ್ಬೊನೇಟು. ಇವತ್ತು ಹೊಲಕ್ಕೆ ಹಾಕುವುದು ಹೆಚ್ಚಾಗಿ ಗಣಿಯಿಂದ ಬಂದ ಕ್ಲೋರೈಡು. ರೈತರು ‘ಪೊಟ್ಯಾಷ್’ ಅನ್ನುತ್ತಾರೆ, ಚೀಲದ ಮೇಲೂ ಅದೇ ಇದೆ. ಹೊಲದಲ್ಲಿ ಓಡಾಡುವ ಪದವನ್ನು ಸುಮ್ನೆ ಕಿತ್ತುಹಾಕುವುದು ಯಾರಿಗಾಗಿ?

ಈಗ ಕೇಳಿದ ಪದಕ್ಕೆ ಬರುತ್ತೇನೆ. ಮಣ್ಣು ಪರೀಕ್ಷೆ ನನ್ನ ದಿನದ ಕೆಲಸ. 5 ಗ್ರಾಂ ಮಣ್ಣಿಗೆ 25 ಮಿ.ಲೀ. ಅಮೋನಿಯಂ ಅಸಿಟೇಟ್ ಹಾಕಿ, 5 ನಿಮಿಷ ಅಲುಗಾಡಿಸಿ, ಸೋಸಿ ಫ್ಲೇಮ್ ಫೋಟೋಮೀಟರಿಗೆ (ಜ್ವಾಲೆಯ ಬೆಳಕಿನಿಂದ ಪೊಟ್ಯಾಸಿಯಂ ಅಳೆಯುವ ಯಂತ್ರ) ಕೊಡುತ್ತೇವೆ. ಜೇಡಿಯ ಮೈಗೆ ಅಂಟಿಕೊಂಡ ಪೊಟ್ಯಾಷ್ ಇಷ್ಟಕ್ಕೇ ಬಿಟ್ಟು ಬರುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡದ್ದು ಬರುವುದಿಲ್ಲ. ಅದನ್ನು ಅಳೆಯಲು ಅದೇ ಮಣ್ಣನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಬೇಕು. ಪೊಟ್ಯಾಸಿಯಂ ಅಯಾನಿನ ಗಾತ್ರ ಆ ಪದರಗಳ ಗುಳಿಗೆ ಹೇಳಿ ಮಾಡಿಸಿದಂತಿದೆ. ಮಣ್ಣು ಒಣಗಿ ಪದರಗಳು ಹತ್ತಿರ ಬಂದರೆ ಒಳಗೇ ಉಳಿಯಿತು.

ಆದರೆ ಅದು ಅಲ್ಲೇ ಶಾಶ್ವತವಾಗಿ ಕೂರುವುದಿಲ್ಲ. ಪೊಟ್ಯಾಷ್ ಹಾಕದೆ ಒಂದೇ ಕುಂಡದ ಮಣ್ಣಿನಲ್ಲಿ ಹುಲ್ಲು ಬೆಳೆಸಿ, ಕೊಯ್ದು, ಮತ್ತೆ ಚಿಗುರಲು ಬಿಟ್ಟು, ಮತ್ತೆ ಕೊಯ್ಯುವ ಪ್ರಯೋಗ ಇದೆ. ಬೇರು ಸುತ್ತಲಿನ ನೀರಿನಲ್ಲಿದ್ದದ್ದನ್ನು ಹೀರಿ ಬರಿದು ಮಾಡಿದ ಹಾಗೆ ಪದರದೊಳಗಿನದು ನಿಧಾನವಾಗಿ ಹೊರಗೆ ಬರುತ್ತದೆ. ಈ ವಿಷಯ ಹಿಡಿದವರ ವರ್ಷಗಟ್ಟಲೆ ದುಡಿಮೆ ಹೋಗುವುದೇ ಇಲ್ಲಿ: ಯಾವ ಮಣ್ಣು ಎಷ್ಟು ಹಿಡಿದುಕೊಳ್ಳುತ್ತದೆ, ಎಷ್ಟು ಬೇಗ ಬಿಟ್ಟುಕೊಡುತ್ತದೆ.

ಅದಕ್ಕೇ ‘ಸ್ಥಿರ’ ಅನ್ನುವುದೇ ತಪ್ಪು ದಾರಿ. ‘ಸೆರೆ’ ಅನ್ನಿ. ಸೆರೆ ಅಂದ ಮೇಲೆ ಬಿಡುಗಡೆಯೂ ಇದೆ ಅಂತ ಕನ್ನಡದ ಕಿವಿಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡನೆಯದಾದ ‘ಲಗ್ಜುರಿ ಕನ್ಸಂಪ್ಷನ್’ಗೆ ‘ಹೆಚ್ಚುವರಿ ಹೀರಿಕೆ’ ಸಾಕು. ‘ಮಿತಿಮೀರಿದ’ ಬೇಡ, ಗಿಡಕ್ಕೆ ವಿಷ ಏರಿತೇನೋ ಅನಿಸುತ್ತದೆ.

ಉತ್ತರ 1, ಮತ್ತೆ

‘ಸೆರೆ’ ಕವಿತೆಗೆ ಸರಿ. ವಿಜ್ಞಾನಕ್ಕಲ್ಲ.

ಉತ್ತರ 3, ಮತ್ತೆ

ನಿಮ್ಮ ಪಠ್ಯಗಳಲ್ಲೇ ‘ಪೋಷಕಾಂಶಗಳ ಬಿಡುಗಡೆ’ ಎಂದಿದೆ. ಬಿಡುಗಡೆ ವಿಜ್ಞಾನವಾದರೆ ಅದರ ಜೋಡಿ ಹೇಗೆ ಕವಿತೆಯಾಯಿತು?

ಉತ್ತರ 2, ಮತ್ತೆ

‘ಸೆರೆ’ಗೆ ನನ್ನ ಒಪ್ಪಿಗೆ. ‘ಪೊಟ್ಯಾಷ್’ಗೆ ಇಲ್ಲ. ಚೀಲದ ಮೇಲೆ ಬರೆದದ್ದೇ ಭಾಷೆ ಅಂದರೆ ನಾಳೆ ‘ಮಣ್ಣು’ ಅನ್ನುವುದನ್ನೂ ಬಿಟ್ಟು ‘ಸಾಯಿಲ್’ ಅನ್ನುತ್ತೇವೆ. ಬೂದಿಗೆ ಬೂದಿ ಅನ್ನಿ.

ಕೇಳಿದವರಿಂದ

ಎಲ್ಲರಿಗೂ ವಂದನೆ. ‘ಪೊಟ್ಯಾಷ್’ ಉಳಿಸಿಕೊಂಡೆ, ಓದುವವರಲ್ಲಿ ರೈತರೇ ಜಾಸ್ತಿ. ಪಠ್ಯ ಓದಿ ಬಂದವರಿಗಾಗಿ ‘ಸ್ಥಿರೀಕರಣ’ ಒಂದೇ ಒಂದು ಸಲ, ಮೊದಲ ಪುಟದಲ್ಲಿ ಬರುತ್ತದೆ. ‘ಹೆಚ್ಚುವರಿ ಹೀರಿಕೆ’ ಹಾಗೇ ಹಾಕಿದೆ. ಅಚ್ಚಿಗೆ ಹೋಗುತ್ತಿರುವ ಸಾಲು ಹೀಗಿದೆ: “ಮಣ್ಣು ಪೊಟ್ಯಾಷನ್ನು ಹೇಗೆ ಸೆರೆ ಹಿಡಿಯುತ್ತದೆ, ಬೆಳೆ ಎಳೆದಾಗ ಎಷ್ಟನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಅವರು 30 ವರ್ಷ ಅಳೆಯುತ್ತಲೇ ಇದ್ದರು.” ‘ಎಳೆದಾಗ’ ಸರಿಯೋ ‘ಹೀರಿದಾಗ’ ಸರಿಯೋ, ಮಧ್ಯಾಹ್ನದೊಳಗೆ ಯಾರಾದರೂ ಹೇಳಿ.